ಮೀನಿನ ಕ್ಷಮೆ

ನದಿಮೂಲ, ಋಷಿಮೂಲ ಹುಡುಕಬಾರದಂತೆ.
ನಗೆಯ ಮೂಲವನ್ನಂತೂ ಕೇಳಲೇಬೇಡಿ;
ಕೇಳಿದರೆ ನನ್ನಂಥವಳ ಹೆಸರು ಹೊರಬಿದ್ದೀತು.

ಗ್ದಿನ್ಯಾ ಬಂದರು, ಫೆಬ್ರವರಿ, ರಾತ್ರಿ ಮೂರು.
ವೇಬ್ರಿಜ್ಜಿನ ಗೂಡಿನಲ್ಲಿ ನಾನೊಬ್ಬಳೇ.
ಕಲ್ಲಿದ್ದಲ ಲಾರಿ ಬಂದರೆ ತೂಗಿ ಚೀಟಿ ಹರಿಯುವುದು,
ಬಾರದಿದ್ದರೆ ಪರದೆಯ ಮೇಲೆ ಮುಖ ಕಾಣದವರ ಜೊತೆ ಹರಟೆ.
ಅವರಲ್ಲೊಬ್ಬ, ಇಟ್ಟುಕೊಂಡ ಹೆಸರು ತುಕ್ಕುಚಮಚ, ಕೇಳಿದ:
"ಫ್ರಿಜ್ ತೆರೆದರೆ ಹೆರಿಂಗ್ ಮೀನು ನನ್ನನ್ನೇ ನೋಡ್ತಿದೆ.
ಏನು ಮಾಡಲಿ?"

ಪಕ್ಕದ ಕಿಟಕಿಯಲ್ಲಿ ನನ್ನ ತಮ್ಮ ಝೆಮೊವಿತ್.
ಅಪ್ಪನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ.
ಕಾರಣ ಒಂದು ದೋಣಿಯ ಮೋಟರು, ಮತ್ತೆ
ಮೋಟರಿಗಿಂತ ಹಳೆಯದೇನೋ.
ಅವನೂ ಅದನ್ನೇ ಕೇಳಿದ್ದ: ಏನು ಮಾಡಲಿ?

ತಮ್ಮನಿಗೆಂದು ಬರೆದೆ:
"ಹೋಗಿ ಕ್ಷಮೆ ಕೇಳು. ನಿನಗಿಂತ ಹಿರಿಯನಲ್ಲವೇ."
ಚಮಚನಿಗೆಂದು ಬರೆದೆ:
"ಈರುಳ್ಳಿ ಹಾಕಿ ಮುಚ್ಚಿಡು, ಬೆಳಗಿಗೆ ಸರಿಹೋಗುತ್ತೆ."
ಆಗಲೇ ಲಾರಿಯ ಹಾರ್ನು. ಕೈಗವಸಿನ ದಪ್ಪ ಬೆರಳು.
ಇದು ಅಲ್ಲಿಗೆ ಹಾರಿತು, ಅದು ಇಲ್ಲಿಗೆ.

ಲಾರಿ ತೂಗಿ ಬರುವಷ್ಟರಲ್ಲಿ ನಲವತ್ತು ಜನ ನಕ್ಕಿದ್ದರು.
ಬೆಳಗಾಗುವಷ್ಟರಲ್ಲಿ ಯಾರೋ ಮೀನಿಗೆ ಟೋಪಿ ತೊಡಿಸಿದ್ದರು.
ಬಾಡಿಗೆ ಕಟ್ಟಿಲ್ಲವೇ? ಮೀನಿನ ಕ್ಷಮೆ ಕೇಳು.
ಬಸ್ಸು ತಪ್ಪಿತೇ? ಕೇಳು.
ಹುಡುಗಿ ಬಿಟ್ಟುಹೋದಳೇ, ಹಲ್ಲುನೋವೇ, ಸರ್ಕಾರ ಬಿತ್ತೇ,
ಮೀನು ನಿನಗಿಂತ ಹಿರಿಯನಲ್ಲವೇ, ಹೋಗು.
ತುಕ್ಕುಚಮಚ ಮಾತ್ರ ಮತ್ತೆ ಬರಲಿಲ್ಲ.
ಕೇಳಿದನೋ ಏನೋ. ಕೇಳಿ ಆಮೇಲೆ ತಿಂದನೋ.

ಬಾಯಿಂದ ಬಾಯಿಗೆ ಹೋದ ಮಾತಿಗೆ ಬಾಲ ಬೆಳೆಯುತ್ತದೆ;
ಬೆರಳಿಂದ ಬೆರಳಿಗೆ ಹೋದದ್ದಕ್ಕೆ ಬಾಲವೂ ಉದುರುತ್ತದೆ.
ಪೋರ್ತೊದಲ್ಲಿ ಅದು ಸಾರ್ಡೀನ್ ಆಯಿತು,
ಒಸಾಕಾ ಮುಟ್ಟುವಾಗ ಬರೀ ಒಂದು ಕಣ್ಣು.
ವ್ರೊತ್ಸ್ವಾಫಿನ ಪಂಡಿತನೊಬ್ಬ ಸಾಧಿಸಿ ತೋರಿಸಿದ:
ಇದು ಕಶೂಬಿಯಾದ ಬೆಸ್ತರ ಮುನ್ನೂರು ವರ್ಷದ ಗಾದೆ.
ಮೊದಲು ಬರೆದವನು ತಾನೇ ಎಂದು ಮೂವರು ಗಂಡಸರು ಕಚ್ಚಾಡಿದರು,
ಒಬ್ಬನ ಬಳಿ ಸಾಕ್ಷಿಯೂ ಇತ್ತು.
ಓದಿದೆ. ಚೀಟಿ ಹರಿದೆ. ಇಪ್ಪತ್ತೆರಡು ಟನ್ ಕಲ್ಲಿದ್ದಲು.
ಆ ನಗೆಯನ್ನೆಲ್ಲ ತಂದು ಈ ಕಬ್ಬಿಣದ ಮೇಲೆ ನಿಲ್ಲಿಸಿದ್ದರೆ
ಮುಳ್ಳು ಸೊನ್ನೆ ಬಿಟ್ಟು ಅಲುಗುತ್ತಿರಲಿಲ್ಲ.

ಮೊನ್ನೆ ತಮ್ಮನ ಮಗ ತಿಮೊನ್, ಹನ್ನೊಂದು ವರ್ಷ,
ನನಗೇ ಬಿಡಿಸಿ ಹೇಳಿದ. ಕೊನೆಗೆ ಕೈಚೆಲ್ಲಿ,
"ಬಿಡು ಅತ್ತೆ, ಇದು ನಮ್ಮ ಕಾಲದ್ದು" ಅಂದ.
ಇನ್ನೊಮ್ಮೆ ಹೇಳೋ ಅಂದೆ.

ಝೆಮೊವಿತ್‌ಗೆ ತಲುಪಿದ್ದು ಈರುಳ್ಳಿ.
ಕುಡಿದಿದ್ದೀಯಾ ಅಂತ ಕೇಳಿ, ಮುಚ್ಚಿಟ್ಟು ಮಲಗಿದ.
ಬೆಳಗಿಗೆ ಸರಿಹೋಗಲಿಲ್ಲ. ವರ್ಷಗಳೇ ಹೋದವು.
ಕಡೆಗೊಂದು ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಅಮ್ಮನ ಹಟಕ್ಕೆ ಬಂದು
ಮೇಜಿನ ಆ ತುದಿಗೆ ಕೂತ. ಹನ್ನೆರಡು ಬಗೆಯ ಅಡುಗೆ,
ಕರೆಯದೆ ಬರುವವನಿಗೆಂದು ಒಂದು ಖಾಲಿ ತಟ್ಟೆ.
ಆ ರಾತ್ರಿ ದನಕರುಗಳಿಗೆ ಮಾತು ಬರುತ್ತದೆ ಅನ್ನುತ್ತಾರೆ ನಮ್ಮಲ್ಲಿ;
ಮನುಷ್ಯರಿಗೆ ಬರುತ್ತದೆಂದು ಯಾರೂ ಹೇಳಿಲ್ಲ.

ಹೆರಿಂಗಿನ ಬಟ್ಟಲು ದಾಟಿಸುತ್ತ ಅಪ್ಪ,
ಆಲೊಯ್ಝಿ, ಎಪ್ಪತ್ತಾರು,
ಟ್ರಾಲಿಬಸ್ಸಿನ ಹುಡುಗರಿಂದ ಕಲಿತು ಬಂದದ್ದನ್ನು
ಯಾರ ಕಡೆಯೂ ನೋಡದೆ ಅಂದ:
"ಮೀನಿನ ಕ್ಷಮೆ ಕೇಳಿದೆಯೋ?"

ತಮ್ಮ ಬಟ್ಟಲು ಹಿಡಿದು ಬಹಳ ಹೊತ್ತು ನೋಡಿದ.
ಮೀನಿಗೆ ತಲೆಯೇ ಇರಲಿಲ್ಲ.
"ಕೇಳಿದೆ."
"ಏನಂತು?"
"ಈರುಳ್ಳಿ ಸಾಲದು ಅಂತು."

ಅಪ್ಪನಿಗೆ ನಗು ನೆತ್ತಿಗೇರಿ ಕೆಮ್ಮು ಹತ್ತಿತು.
ಬೆನ್ನು ತಟ್ಟಲು ಎದ್ದವನು ತಮ್ಮ.
ನಾನು ಬಾಯಿ ಬಿಡಲಿಲ್ಲ.
ಡ್ರಾಯರಿನಲ್ಲಿ ತಡಕಿ, ಖಾಲಿ ತಟ್ಟೆಯ ಪಕ್ಕ
ಒಂದು ಚಮಚ ಇಟ್ಟೆ,
ಇದ್ದುದರಲ್ಲಿ ಹೆಚ್ಚು ತುಕ್ಕು ಹಿಡಿದದ್ದು.